ಮೊದಲು ಗಜ ಇಳಿಸಿ ನೋಡಿ: ಹಳೆಯ ಕೋವಿಗಳ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಒಂದು ಸಣ್ಣ ಅಂಗಡಿಯಿದೆ. ಬಾಯಿಯಿಂದ ಮಸಿ ತುಂಬುವ ಹಳೆಯ ಕೋವಿಗಳನ್ನು ಬಿಟ್ಟರೆ ಅಲ್ಲಿ ಬೇರೆ ಬಂದೂಕಿನ ವ್ಯವಹಾರವಿಲ್ಲ. ವಾರವಿಡೀ ನನಗೆ ಬೇರೆ ಉದ್ಯೋಗ. ಶನಿವಾರಗಳಂದು ಮತ್ತು ಡಿಸೆಂಬರಿನ ಗಡಿಬಿಡಿಯಲ್ಲಿ ಕೆಲವು ಸಂಜೆ ಅಲ್ಲಿನ ಕೌಂಟರಿನಲ್ಲಿ ನಿಲ್ಲುತ್ತೇನೆ. ನಾನು ಹುಟ್ಟಿದ್ದು ಮಲೆನಾಡಿನಲ್ಲಿ, ಕೇಪಿನ ಕೋವಿಯನ್ನು ಗೋಡೆಗೆ ಒರಗಿಸಿಟ್ಟಿದ್ದ ಮನೆಯಲ್ಲಿ. ಹೀಗಾಗಿ ಈ ಕೆಲಸ ನನಗೆ ತೀರಾ ಹೊಸ ಲೋಕವೇನೂ ಆಗಲಿಲ್ಲ. ಆದರೆ ಊರಿನ ನೆಂಟರು, ಇಲ್ಲಿನ ಕನ್ನಡ ಗೆಳೆಯರು, ಅಂಗಡಿಗೆ ಬರುವ ಅಮೆರಿಕನ್ನರು, ಎಲ್ಲರ ಬಾಯಲ್ಲೂ ಈ ಕೋವಿಗಳ ಬಗ್ಗೆ ಹೆಚ್ಚುಕಮ್ಮಿ ಅವೇ ಮಾತುಗಳು ಕೇಳಿಬರುತ್ತವೆ. ಅದರಲ್ಲಿ ಕೆಲವು ಬರೀ ತಪ್ಪು ತಿಳಿವಳಿಕೆ, ಕೆಲವು ಜೀವಕ್ಕೇ ಎರವಾಗುವಂಥವು. ಜೀವಕ್ಕೆ ಎರವಾಗುವುದನ್ನೇ ಮೊದಲು ಹೇಳುತ್ತೇನೆ.

ತಪ್ಪು ಕಲ್ಪನೆ: ನೂರು ವರ್ಷ ಮೂಲೆಯಲ್ಲಿ ಬಿದ್ದಿದ್ದ ಕೋವಿ, ಇನ್ನೇನು ಹಾರೀತು?

ವಾಸ್ತವ: ಹಾರುತ್ತದೆ. ಕಪ್ಪು ಮಸಿ ಎಂದರೆ ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಈ ಮೂರೂ ಕಾಲ ಕಳೆದಂತೆ ತಾವಾಗಿ ಕೊಳೆಯುವ ವಸ್ತುಗಳಲ್ಲ. ನೀರು ತಾಗದೆ ಒಣಗಿದ್ದರೆ ಅಜ್ಜ ತುಂಬಿಟ್ಟ ಈಡು ಮೊಮ್ಮಗನ ಕೈಯಲ್ಲಿ ಸಿಡಿಯಬಲ್ಲದು. ಹಿಂದಿನವರು ಕೋವಿಯನ್ನು ತುಂಬಿಯೇ ಇಡುತ್ತಿದ್ದರು. ಹಂದಿಯೋ ತೋಳವೋ ಬಂದಾಗ ಮಸಿ ಅಳೆದು, ಗುಂಡು ಜಡಿದು, ಕೇಪು ಹುಡುಕುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ಒಮ್ಮೆ ತುಂಬಿದ ಈಡನ್ನು ಹೊರತೆಗೆಯಲು ಹಾರಿಸುವುದೇ ಸುಲಭದ ದಾರಿಯಾಗಿತ್ತು. ಹಾರಿಸುವ ಸಂದರ್ಭ ಬರದೆ ಆ ಮನುಷ್ಯ ತೀರಿಕೊಂಡರೆ ಈಡು ನಳಿಗೆಯಲ್ಲೇ ಉಳಿಯುತ್ತಿತ್ತು.

ನಮ್ಮ ಅಂಗಡಿಯಿಂದ ಸ್ವಲ್ಪ ದೂರದಲ್ಲೇ ಗೆಟಿಸ್‌ಬರ್ಗ್ ಇದೆ. 1863ರ ಜುಲೈನಲ್ಲಿ ಅಲ್ಲಿ ಮೂರು ದಿನ ಯುದ್ಧ ನಡೆದ ಮೇಲೆ ಮೈದಾನದಿಂದ 27,000ಕ್ಕೂ ಹೆಚ್ಚು ಬಂದೂಕುಗಳನ್ನು ಆರಿಸಿ ತಂದರು. ಅವುಗಳಲ್ಲಿ ಸುಮಾರು 24,000 ಬಂದೂಕುಗಳು ತುಂಬಿದ ಸ್ಥಿತಿಯಲ್ಲೇ ಇದ್ದವು. ಹಾಗೆ ತುಂಬಿದ್ದವುಗಳ ಪೈಕಿ ಅರ್ಧದಷ್ಟರಲ್ಲಿ ಒಂದರ ಮೇಲೊಂದರಂತೆ ಎರಡು ಈಡುಗಳಿದ್ದವು. ಕೆಲವುಗಳಲ್ಲಿ ಇನ್ನೂ ಹೆಚ್ಚು. ಗದ್ದಲ, ಹೊಗೆ, ಭಯದ ನಡುವೆ ತನ್ನ ಕೋವಿ ಹಾರಿತೋ ಇಲ್ಲವೋ ಎಂಬುದು ಸೈನಿಕನಿಗೇ ಗೊತ್ತಾಗುತ್ತಿರಲಿಲ್ಲ. ಅಂಥ ಕೋವಿ ಇಂದು ಯಾರದೋ ಮನೆಯ ಅಟ್ಟದಿಂದ ಇಳಿದು, ಕಂಬಳಿ ಸುತ್ತಿಕೊಂಡು ನಮ್ಮ ಕೌಂಟರಿಗೆ ಬರುತ್ತದೆ.

ಅದಕ್ಕೇ ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದು ಗಜ, ಅಂದರೆ ಈಡು ಜಡಿಯುವ ಕೋಲು, ಇಳಿಸಿ ನೋಡುವುದನ್ನು. ಕೋವಿಯ ಬಾಯಿ ಯಾರ ಕಡೆಗೂ ಇರಬಾರದು. ಕುದುರೆಯನ್ನು ಮುಟ್ಟಬಾರದು. ಕೇಪು ಕೂರುವ ಮೊಲೆಯಲ್ಲಿ ಹಳೆಯ ಕೇಪು ಅಂಟಿಕೊಂಡಿದೆಯೇ ಎಂದು ನೋಡಬೇಕು. ಆಮೇಲೆ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಬಿಡಬೇಕು. ಖಾಲಿ ನಳಿಗೆಯಾದರೆ ತಳದ ಕಬ್ಬಿಣಕ್ಕೆ ತಾಗಿ ‘ಠಣ್’ ಎನ್ನುತ್ತದೆ. ಈಡಿದ್ದರೆ ‘ದಪ್’ ಎಂಬ ಮಂಕು ಸದ್ದು. ಸದ್ದನ್ನು ಮಾತ್ರ ನಂಬಿದರೆ ಸಾಲದು. ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಪೆನ್ಸಿಲ್ ಗುರುತು ಹಾಕಿ, ಹೊರತೆಗೆದು, ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಗಜದ ತುದಿ ಮೊಲೆಯ ಬುಡದವರೆಗೆ, ಚಕಮಕಿ ಕೋವಿಯಾದರೆ ಪಕ್ಕದ ಕಿಂಡಿಯವರೆಗೆ ಮುಟ್ಟಿದರೆ ನಳಿಗೆ ಖಾಲಿ. ಎರಡು ಬೆರಳಿನಷ್ಟು ಕಡಿಮೆ ಬಂದರೆ ಒಳಗೇನೋ ಕೂತಿದೆ. ಅದು ಈಡಾಗಿರಬಹುದು, ಕಣಜ ಕಟ್ಟಿದ ಮಣ್ಣಿನ ಗೂಡೂ ಆಗಿರಬಹುದು. ಯಾವುದೆಂದು ಖಚಿತವಾಗುವವರೆಗೆ ಈಡೆಂದೇ ಲೆಕ್ಕ.

ಈಡಿದೆ ಎಂದಾದರೆ ಕಿಂಡಿಯಿಂದ ನೀರು ಬಿಟ್ಟು, ನೆನೆಸಿ, ಮಸಿಯನ್ನು ಸಾಯಿಸಿದ ಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ ಗುಂಡನ್ನು ಎಳೆಯುತ್ತಾರೆ. ಈ ಕೆಲಸ ಮಾಡುವುದು ಅಂಗಡಿಯ ಹಿರಿಯ ಕುಶಲಕರ್ಮಿ. ಅರೆಕಾಲಿಕ ಕೆಲಸಗಾರರಾದ ನಾವು ಮಾಡಬೇಕಾದದ್ದು ಒಂದೇ: ಗುರುತು ಹಾಕಿ ಕೋವಿಯನ್ನು ಅವರ ಕೈಗೆ ಒಪ್ಪಿಸುವುದು.

ತಪ್ಪು ಕಲ್ಪನೆ: ಅಮೆರಿಕದಲ್ಲಿ ಇವಕ್ಕೆ ಕಾನೂನೇ ಇಲ್ಲ, ಯಾರು ಬೇಕಾದರೂ ಕೊಳ್ಳಬಹುದು, ಯಾರು ಬೇಕಾದರೂ ಮಾರಬಹುದು.

ವಾಸ್ತವ: ಇದು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಅಪಾಯ ಹೆಚ್ಚು. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898 ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿ ‘ಪುರಾತನ’. ಇಂದು ಮಾಡಿದ ಚಕಮಕಿ ಕೋವಿ, ಕೇಪಿನ ಕೋವಿಗಳ ಪ್ರತಿಕೃತಿಗಳೂ, ತೋಟೆ ಹಾಕಲು ಬಾರದಂತಿದ್ದರೆ, ಸಾಮಾನ್ಯವಾಗಿ ಇದೇ ಗುಂಪಿಗೆ ಸೇರುತ್ತವೆ. ಒಕ್ಕೂಟ ಸರ್ಕಾರದ ಕಾನೂನು ಇವನ್ನು ಬಂದೂಕು ಎಂದು ಪರಿಗಣಿಸುವುದಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ಒಂದು ರಾಜ್ಯದಲ್ಲಿ ಸಲೀಸಾಗಿ ಕೊಂಡದ್ದಕ್ಕೆ ಪಕ್ಕದ ರಾಜ್ಯದಲ್ಲಿ ಪರವಾನಗಿ ಬೇಕಾಗಬಹುದು. ಫೋನಿನಲ್ಲಿ ಗಿರಾಕಿ ವಿಳಾಸ ಹೇಳಿದ ತಕ್ಷಣ ನಾವು ಮೊದಲು ನೋಡುವುದು ಅದು ಯಾವ ರಾಜ್ಯ ಎಂದು.

ಮಸಿಯ ಕಾನೂನೇ ಬೇರೆ. ಕೋವಿ ಬಂದೂಕಲ್ಲದಿದ್ದರೂ ಕಪ್ಪು ಮಸಿ ಸ್ಫೋಟಕವೇ. ಹಳೆಯ ಕೋವಿಯಲ್ಲಿ ಹವ್ಯಾಸಕ್ಕೆ ಬಳಸುವ ವ್ಯಕ್ತಿ 50 ಪೌಂಡಿನವರೆಗೆ ಇಟ್ಟುಕೊಳ್ಳಲು ಒಕ್ಕೂಟ ಕಾನೂನಿನಲ್ಲಿ ವಿನಾಯಿತಿಯಿದೆ. ಮಾರುವ ಅಂಗಡಿಗೆ ಸ್ಫೋಟಕಗಳ ಪರವಾನಗಿ ಕಡ್ಡಾಯ. ಅಂಗಡಿಯಲ್ಲಿ ಮಸಿಯನ್ನು ಕೈಯಾರೆ ನಿರ್ವಹಿಸುವ ನೌಕರನ ಹಿನ್ನೆಲೆಯ ಪರಿಶೀಲನೆಯೂ ನಡೆಯುತ್ತದೆ. ವಾರಕ್ಕೆ ಒಂದೇ ದಿನ ಬರುವವನೆಂದು ಅದರಲ್ಲಿ ರಿಯಾಯಿತಿ ಇಲ್ಲ. ಇಲ್ಲಿ ಓದಲು, ದುಡಿಯಲು ಬಂದಿರುವ ಕನ್ನಡದ ಹುಡುಗರು ಇದನ್ನು ಗಮನಿಸಬೇಕು. ಕಾಯಂ ನಿವಾಸದ ಹಕ್ಕಿಲ್ಲದ ವಿದೇಶಿಯರು, ಕೆಲವು ಅಪವಾದಗಳನ್ನು ಬಿಟ್ಟರೆ, ಸ್ಫೋಟಕಗಳನ್ನು ಇಟ್ಟುಕೊಳ್ಳಬಾರದವರ ಪಟ್ಟಿಯಲ್ಲೇ ಇದ್ದಾರೆ. ವೀಸಾ ಒಂದು ಉದ್ಯೋಗಕ್ಕೆ ಸಿಕ್ಕಿದ್ದರೆ ಶನಿವಾರದ ಎರಡನೇ ಕೆಲಸಕ್ಕೆ ಅದು ಸಾಕಾಗುವುದೂ ಇಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲಷ್ಟೇ ನಾನು ಈ ಕೆಲಸ ಕೇಳಿದ್ದು.

ತಪ್ಪು ಕಲ್ಪನೆ: ಮಸಿ ಎಂದರೆ ಮಸಿ, ಯಾವುದು ಹಾಕಿದರೇನು?

ವಾಸ್ತವ: ಈ ಮಾತು ಕೇಳಿದಾಗಲೆಲ್ಲ ನನಗೆ ನಡುಕ ಬರುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಇಂದಿನ ತೋಟೆಗಳಲ್ಲಿ ಇರುವುದು ಅದರ ಸಂತತಿ. ಅದು ಸುಟ್ಟಾಗ ಹುಟ್ಟುವ ಒತ್ತಡ ಕಪ್ಪು ಮಸಿಯ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಳೆಯ ಮೆದು ಕಬ್ಬಿಣದ ನಳಿಗೆ ಅದನ್ನು ತಡೆಯಲಾರದು. ತೋಟೆಯಿಂದ ಬಿಚ್ಚಿದ ಮದ್ದನ್ನು ಅಷ್ಟೇ ಅಳತೆಯಲ್ಲಿ ಇಂಥ ಕೋವಿಗೆ ಹಾಕಿದರೆ ನಳಿಗೆ ಸೀಳುತ್ತದೆ. ಅಂಗಡಿಯಲ್ಲಿ ಅಂಥದೊಂದು ನಳಿಗೆಯನ್ನು ಗಿರಾಕಿಗಳಿಗೆ ಕಾಣುವಂತೆ ನೇತುಹಾಕಿದ್ದಾರೆ. ಬಾಳೆದಿಂಡಿನ ಪದರ ಬಿಚ್ಚಿದಂತೆ ಕಬ್ಬಿಣ ಹೊರಕ್ಕೆ ಸುರುಳಿಯಾಗಿದೆ. ಎಡಗೈ ಇರುತ್ತಿದ್ದ ಜಾಗ ಅದು.

ಕಪ್ಪು ಮಸಿಯಲ್ಲೂ ತರಹೆಗಳಿವೆ. ಕಾಳಿನ ಗಾತ್ರವನ್ನು ‘ಎಫ್’ ಅಕ್ಷರದಿಂದ ಗುರುತಿಸುತ್ತಾರೆ. ಎರಡು ಎಫ್ ದಪ್ಪ ಕಾಳು, ದೊಡ್ಡ ಬಾಯಿಯ ಕೋವಿಗಳಿಗೆ. ಮೂರು ಎಫ್ ಸಣ್ಣದು, ಪಿಸ್ತೂಲು ಮತ್ತು ಸಣ್ಣ ಬಾಯಿಯ ಕೋವಿಗಳಿಗೆ. ನಾಲ್ಕು ಎಫ್ ತೀರಾ ನುಣುಪು, ಚಕಮಕಿ ಕೋವಿಯ ಬಟ್ಟಲಿಗೆ ಚಿಟಿಕೆಯಷ್ಟು. ಕಾಳು ಸಣ್ಣದಾದಷ್ಟೂ ಬೇಗ ಉರಿಯುತ್ತದೆ. ಗಿರಾಕಿ ‘ಒಂದು ಡಬ್ಬಿ ಕೊಡಿ’ ಎಂದರೆ ಯಾವ ಕೋವಿಗೆ ಎಂದು ಕೇಳದೆ ಕೊಡುವ ಹಾಗಿಲ್ಲ. ಮಸಿಯನ್ನು ಅದನ್ನು ತುಂಬಿಡುವ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದೆಂದೂ ಹೇಳಿ ಕಳಿಸುತ್ತೇವೆ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಇಡೀ ಕೊಂಬು ಹೊತ್ತಿಕೊಳ್ಳುತ್ತದೆ. ಅಳತೆಯ ಸಣ್ಣ ಲೋಟಕ್ಕೆ ಹೊಯ್ದು, ಕೊಂಬನ್ನು ದೂರವಿಟ್ಟು, ಆಮೇಲೆ ಲೋಟದಿಂದ ನಳಿಗೆಗೆ ಹೊಯ್ಯಬೇಕು.

ತಪ್ಪು ಕಲ್ಪನೆ: ಚಕಮಕಿ ಕೋವಿಯಲ್ಲಿ ಕಲ್ಲಿನಿಂದ ಕಿಡಿ ಬರುತ್ತದೆ. ಕಿಡಿ ಬಾರದಿದ್ದರೆ ಕಲ್ಲು ಬದಲಿಸಿದರೆ ಆಯಿತು.

ವಾಸ್ತವ: ಕಿಡಿ ಬರುವುದು ಉಕ್ಕಿನಿಂದ. ಕಲ್ಲಿನ ಹರಿತ ಅಂಚು ಎದುರಿನ ಉಕ್ಕಿನ ತಗಡನ್ನು ಕೆರೆದಾಗ ಏಳುವ ಸಣ್ಣ ಚೂರುಗಳೇ ಉರಿದು ಬಟ್ಟಲಿನ ಮಸಿಗೆ ಬೀಳುತ್ತವೆ. ಆ ತಗಡಿನ ಮೈ ಮೆತ್ತಗಾಗಿದ್ದರೆ ಇಂಗ್ಲೆಂಡಿನ ಬ್ರ್ಯಾಂಡನ್ನಿನ ಕರಿಕಲ್ಲು ಹಾಕಿದರೂ ಅಷ್ಟೇ, ಫ್ರಾನ್ಸಿನ ಜೇನುಬಣ್ಣದ ಕಲ್ಲು ಹಾಕಿದರೂ ಅಷ್ಟೇ. ಉಕ್ಕನ್ನು ಕಾಸಿ ಮತ್ತೆ ಗಟ್ಟಿ ಮಾಡಿಸಬೇಕು.

ಪೆನ್ಸಿಲ್ವೇನಿಯಾದಲ್ಲಿ ಈ ವಿಷಯ ಬರೀ ಇತಿಹಾಸವಲ್ಲ. ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಹಂಗಾಮು ಶುರುವಾಗುತ್ತದೆ, 1974ರಿಂದಲೂ. ಅದರಲ್ಲಿ ಕೇಪಿನ ಕೋವಿಗೂ ಅವಕಾಶವಿಲ್ಲ. ಹಾಗಾಗಿ ಡಿಸೆಂಬರಿನಲ್ಲಿ ನಮ್ಮ ಅಂಗಡಿಗೆ ಜನ ನುಗ್ಗುತ್ತಾರೆ. ‘ಟ್ರಿಗರ್ ಎಳೆದ ಎಷ್ಟೋ ಹೊತ್ತಿಗೆ ಗುಂಡು ಹೊರಡುತ್ತದೆ, ಅಷ್ಟರಲ್ಲಿ ಜಿಂಕೆ ಓಡಿರುತ್ತದೆ’ ಎಂಬುದು ಅವರ ಮಾಮೂಲು ದೂರು. ಕಿಡಿ ಹೊಡೆಯುವ ಭಾಗವಾದ ಲಾಕನ್ನು ಚೆನ್ನಾಗಿ ಹದ ಮಾಡಿದ್ದರೆ ಆ ವಿಳಂಬ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಬಟ್ಟಲಿಗೆ ಮಸಿ ಜಾಸ್ತಿ ಹಾಕಿ ಕಿಂಡಿಯನ್ನು ಮುಚ್ಚಿಬಿಟ್ಟಾಗ ಮಸಿ ಬತ್ತಿಯ ಹಾಗೆ ಉರಿಯುತ್ತ ಒಳಗೆ ಹೋಗಬೇಕಾಗುತ್ತದೆ, ತಡವಾಗುವುದು ಆಗ. ಮಸಿ ಕಿಂಡಿಗಿಂತ ತುಸು ಕೆಳಗಿರಲಿ, ಜ್ವಾಲೆ ನೇರವಾಗಿ ಒಳಗೆ ಹಾರುತ್ತದೆ.

ತಪ್ಪು ಕಲ್ಪನೆ: ಇವುಗಳಿಗೆ ಗುರಿಯೇ ಇಲ್ಲ.

ವಾಸ್ತವ: ಸೈನ್ಯದ ನುಣುಪು ನಳಿಗೆಯ ಮಸ್ಕೆಟ್ಟಿನ ಮಟ್ಟಿಗೆ ನಿಜ. ನೂರು ಗಜದಾಚೆ ಒಬ್ಬನಿಗೇ ಗುರಿಯಿಟ್ಟು ಹೊಡೆಯುವುದು ಕಷ್ಟವಿತ್ತು. ಅದಕ್ಕೇ ಸಾಲಾಗಿ ನಿಂತು ಒಟ್ಟಿಗೆ ಹಾರಿಸುತ್ತಿದ್ದರು. ಆದರೆ ಜರ್ಮನಿಯಿಂದ ಬಂದ ಕಮ್ಮಾರರು 18ನೇ ಶತಮಾನದಲ್ಲಿ ಇದೇ ಲ್ಯಾಂಕಾಸ್ಟರ್ ಸೀಮೆಯಲ್ಲಿ ಮಾಡಿದ ಉದ್ದ ನಳಿಗೆಯ ರೈಫಲ್ಲುಗಳ ಕಥೆ ಬೇರೆ. ನಳಿಗೆಯೊಳಗೆ ಸುರುಳಿ ಗೀರು ಕೊರೆದು, ಗುಂಡಿಗೆ ಎಣ್ಣೆ ಸವರಿದ ಬಟ್ಟೆಯ ತುಂಡು ಸುತ್ತಿ ಬಿಗಿಯಾಗಿ ಜಡಿಯುತ್ತಿದ್ದರು. 0.50 ಇಂಚಿನ ನಳಿಗೆಗೆ ಇಂದಿಗೂ 0.490 ಇಂಚಿನ ಸೀಸದ ಗುಂಡು ಕೊಡುತ್ತೇವೆ. ಉಳಿದ ಸಂದನ್ನು ಬಟ್ಟೆ ತುಂಬಿ, ಗೀರನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ಗುರಿ ತಪ್ಪುತ್ತಿದೆ ಎಂದು ಬರುವವರಿಗೆ ಹೆಚ್ಚಿನ ಸಲ ನಾನು ಬದಲಿಸಿ ಕೊಡುವುದು ಬಟ್ಟೆಯನ್ನು. ಹಾರಿಸಿದ ಮೇಲೆ ಮುಂದೆ ಬಿದ್ದಿರುವ ಬಟ್ಟೆಯನ್ನು ಆರಿಸಿ ತನ್ನಿ ಎನ್ನುತ್ತೇನೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು. ಅಂಚು ಹರಿದಿದ್ದರೆ ನಳಿಗೆಯ ಬಾಯಿ ಹರಿತವಿದೆ. ಸುತ್ತ ಮಾತ್ರ ಕಪ್ಪಾಗಿ ಗಟ್ಟಿಯಾಗಿ ಉಳಿದಿದ್ದರೆ ಎಲ್ಲ ಸರಿಯಿದೆ.

ತಪ್ಪು ಕಲ್ಪನೆ: ಉಜ್ಜಿ ಹೊಳೆಯುವಂತೆ ಮಾಡಿದರೆ ಒಳ್ಳೆಯ ಬೆಲೆ ಬರುತ್ತದೆ.

ವಾಸ್ತವ: ಇದರಿಂದ ಹಾಳಾದ ಕೋವಿಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಬ್ಬಿಣಕ್ಕೆ ಇನ್ನೂರು ವರ್ಷದಲ್ಲಿ ಬಂದ ಕಂದು ಬಣ್ಣ, ಮರಕ್ಕೆ ಕೈಬೆವರಿನಿಂದ ಬಂದ ಮೆರುಗು, ತಿರುಪಿನ ತಲೆಯ ಸವೆತ, ಇವುಗಳನ್ನೇ ಸಂಗ್ರಾಹಕ ಓದುವುದು. ಉಪ್ಪುಕಾಗದ ಹಾಕಿ ತಿಕ್ಕಿದವನು ತಯಾರಕನ ಮುದ್ರೆಯನ್ನೂ, ಬೆಲೆಯ ದೊಡ್ಡ ಪಾಲನ್ನೂ ಒಟ್ಟಿಗೇ ತಿಕ್ಕಿ ಕಳೆಯುತ್ತಾನೆ. ಮತ್ತೆ ಅದನ್ನು ತರಲು ಯಾರಿಂದಲೂ ಆಗದು. ಮೆದು ಬಟ್ಟೆಗೆ ಒಂದಿಷ್ಟು ತೆಳು ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಹಾರಿಸಿದ ಕೋವಿಯ ಒಳಮೈಗೆ ಮಾತ್ರ ಈ ಸಬೂಬು ನಡೆಯದು. ಸುಟ್ಟ ಮಸಿಯ ಉಳಿಕೆ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅಂದೇ ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಕೊಳೆತ ಮೊಟ್ಟೆಯ ವಾಸನೆ ಬರುವ ಕರಿನೀರು ತಿಳಿಯಾಗುವವರೆಗೆ ಬಿಡಬಾರದು.

ತಪ್ಪು ಕಲ್ಪನೆ: ಹಳೆಯದೆಂದ ಮೇಲೆ ಲಕ್ಷಗಟ್ಟಲೆ ಬೆಲೆ. ಅದರಲ್ಲೂ ಭಾರತದ್ದಾದರೆ ಟಿಪ್ಪುವಿನದೇ ಇರಬೇಕು.

ವಾಸ್ತವ: ಕನ್ನಡಿಗನೆಂದು ಗೊತ್ತಾದ ಕೂಡಲೇ ಗಿರಾಕಿಗಳು ನನ್ನ ಮುಂದೆ ತರುವ ಮಾತು ಇದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಶಸ್ತ್ರಾಗಾರದ ಬಂದೂಕುಗಳು ಇಂಗ್ಲೆಂಡಿಗೆ ಹೋದದ್ದು ನಿಜ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅವನ ಕಾಲದ ಆಯುಧಗಳ ಒಂದು ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋದದ್ದೂ ನಿಜ. ಶ್ರೀರಂಗಪಟ್ಟಣದ ಆ ಚಕಮಕಿ ಕೋವಿಗಳ ಹುಲಿಪಟ್ಟೆಯ ಅಲಂಕಾರ, ಅಕ್ಷರಗಳ ಕೆಲಸ ನೋಡಿದರೆ ನಮ್ಮ ನೆಲದ ಕುಶಲಕರ್ಮಿಗಳು ಯುರೋಪಿನವರಿಗೆ ಸರಿಸಾಟಿಯಾಗಿದ್ದರೆಂದು ಹೆಮ್ಮೆಯೆನಿಸುತ್ತದೆ. ಆದರೆ ಅಂಗಡಿಗೆ ಬರುವವು ಅವಲ್ಲ.

ಬರುವವುಗಳಲ್ಲಿ ಒಂದು ಗುಂಪು ನೇಪಾಳದ್ದು. ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ರಾಶಿಬಿದ್ದಿದ್ದ ಗೂರ್ಖಾ ಸೈನ್ಯದ ಕೋವಿಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಸಗಟಾಗಿ ಕೊಂಡು ತಂದರು. ಈಸ್ಟ್ ಇಂಡಿಯಾ ಕಂಪನಿಯ ಮಾದರಿಯ, 39 ಇಂಚು ನಳಿಗೆಯ ‘ಇಂಡಿಯಾ ಪ್ಯಾಟರ್ನ್’ ಬ್ರೌನ್ ಬೆಸ್ ಮಸ್ಕೆಟ್ಟುಗಳೂ ಅದರಲ್ಲಿದ್ದವು. ಸಾಚಾ ವಸ್ತು, ಸಾಧಾರಣ ಬೆಲೆ. ಇನ್ನೊಂದು ಗುಂಪು ಅಫ್ಘಾನಿಸ್ತಾನದ್ದು. ಅಲ್ಲಿದ್ದ ಅಮೆರಿಕದ ಸೈನಿಕರು ಬಜಾರಿನಲ್ಲಿ ನೆನಪಿಗೆಂದು ಕೊಂಡು ತಂದವು. ಲಾಕಿನ ಮೇಲೆ ಕಂಪನಿಯ ಮುದ್ರೆಯಿರುತ್ತದೆ, ಇಸವಿಯಿರುತ್ತದೆ. ಆದರೆ ಅಕ್ಷರ ಒರಟು, ಲಾಕಿನ ಆಕಾರಕ್ಕೂ ಇಸವಿಗೂ ತಾಳೆಯಿಲ್ಲ. ಎಷ್ಟೋ ಇತ್ತೀಚೆಗೆ ಮಾಡಿದವು. ಸೈನಿಕನ ಮುಖ ನೋಡಿಕೊಂಡು ಅದನ್ನು ಹೇಳುವುದು ಈ ಕೆಲಸದ ಕಷ್ಟದ ಗಳಿಗೆಗಳಲ್ಲಿ ಒಂದು. ಹೇಳದೆ ಇರುವುದು ಮೋಸ, ಹಾಗಾಗಿ ಹೇಳುತ್ತೇವೆ.

ಮೂರನೆಯದು ಇಟಲಿಯ ಪ್ರತಿಕೃತಿಗಳು. ಗಾರ್ದೋನೆ ಪಟ್ಟಣದ ಕಾರ್ಖಾನೆಗಳು 1950ರ ದಶಕದ ಕೊನೆಯಿಂದಲೂ ಹಳೆಯ ಮಾದರಿಗಳನ್ನು ಅಚ್ಚುಕಟ್ಟಾಗಿ ಮಾಡುತ್ತ ಬಂದಿವೆ. ಬಳಸಿ ಮಾಸಿದವನ್ನು ಅಜ್ಜನ ಕಾಲದವೆಂದು ನಂಬಿಕೊಂಡವರಿದ್ದಾರೆ. ನಳಿಗೆಯ ಅಡಿಯ ಪರೀಕ್ಷಾ ಮುದ್ರೆ ನೋಡಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ತಪ್ಪು ಕಲ್ಪನೆ: ಇಂಥ ಅಂಗಡಿಗೆ ಬರುವವರೆಲ್ಲ ಬಂದೂಕಿನ ಹುಚ್ಚಿನವರು. ಅಲ್ಲಿ ನಿಲ್ಲುವುದೆಂದರೆ ಕೂತು ಕಥೆ ಹೊಡೆಯುವ ಕೆಲಸ.

ವಾಸ್ತವ: ಬೇಟೆಗಾರರು, ಯುದ್ಧದ ದೃಶ್ಯಗಳನ್ನು ಮರುಪ್ರದರ್ಶಿಸುವ ಇತಿಹಾಸದ ಮೇಷ್ಟ್ರುಗಳು, ತೀರಿಕೊಂಡ ತಂದೆಯ ಸಾಮಾನು ವಿಲೇವಾರಿ ಮಾಡಬೇಕಾದ ಹೆಣ್ಣುಮಕ್ಕಳು, ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನ ರಾಷ್ಟ್ರೀಯ ಸ್ಪರ್ಧೆಗೆ ಹೋಗುವವರು, ಹೀಗೆ ಎಲ್ಲರೂ ಬರುತ್ತಾರೆ. ಸಂಬಳ ದೊಡ್ಡದಲ್ಲ. ದಿನದ ಬಹುಪಾಲು ಹೋಗುವುದು ಮೊಲೆಗಳ ತಿರುಪಿನ ಅಳತೆ ನೋಡಿ ಬೇರ್ಪಡಿಸಲು, ಕಲ್ಲುಗಳನ್ನು ಗಾತ್ರದ ಪ್ರಕಾರ ಜೋಡಿಸಲು, ಫೋನು ಎತ್ತಲು, ನೆಲ ಗುಡಿಸಲು. ಸೀಸ ಮುಟ್ಟಿದ ಕೈ ತೊಳೆಯದೆ ಊಟ ಮುಟ್ಟುವಂತಿಲ್ಲ. ‘ಗೊತ್ತಿಲ್ಲ, ಯಜಮಾನರನ್ನು ಕೇಳಿ ಹೇಳುತ್ತೇನೆ’ ಎನ್ನಲು ಸಂಕೋಚಪಡುವವರಿಗೆ ಇದು ತಕ್ಕ ಕೆಲಸವಲ್ಲ.

ತಪ್ಪು ಕಲ್ಪನೆ: ನಮ್ಮೂರಿನಲ್ಲೂ ಹಳೆಯ ಕೋವಿಗೆ ಲೈಸೆನ್ಸ್ ಬೇಡ. ಬೇಕಾದರೆ ವಿದೇಶಕ್ಕೂ ಒಯ್ಯಬಹುದು.

ವಾಸ್ತವ: ಅಮೆರಿಕದ ನಿಯಮವನ್ನು ಭಾರತಕ್ಕೆ ಅನ್ವಯಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಹಳೆಯ ಆಯುಧಕ್ಕೆ ವಿನಾಯಿತಿ ಕೊಡುವುದು ಅದು ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿದ್ದರೆ ಮಾತ್ರ. ಹಾರುವ ಕೇಪಿನ ಕೋವಿಗೆ, ಒಂಟಿ ನಳಿಗೆಯಿರಲಿ ಜೋಡು ನಳಿಗೆಯಿರಲಿ, ಲೈಸೆನ್ಸ್ ಬೇಕೇ ಬೇಕು. ಅಪ್ಪನ ಲೈಸೆನ್ಸ್ ಮಗನಿಗೆ ತಾನಾಗಿ ಬರುವುದಿಲ್ಲ. ಕೊಡಗಿನ ಸಂಗತಿ ಪ್ರತ್ಯೇಕ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೋಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನ ಆ ವಿನಾಯಿತಿಯನ್ನು ಶಿವಮೊಗ್ಗದವರೋ ಹಾಸನದವರೋ ತಮ್ಮದೆಂದುಕೊಳ್ಳುವಂತಿಲ್ಲ. ಇನ್ನು ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ‘ಅಜ್ಜನ ಕೋವಿ ತಂದುಕೊಡಲೇ, ನಿಮ್ಮ ಅಂಗಡಿಯಲ್ಲಿ ಮಾರಿಕೊಡುತ್ತೀಯಾ?’ ಎಂದು ಕೇಳುವ ನೆಂಟರಿಗೆಲ್ಲ ನನ್ನ ಉತ್ತರ ಒಂದೇ: ಬೇಡ.

ನಿಮ್ಮ ಮನೆಯ ಅಟ್ಟದಲ್ಲೋ ಕಣಜದ ಹಿಂದೋ ಅಂಥದೊಂದು ಕೋವಿ ಇದ್ದರೆ ಅದು ತುಂಬಿದೆ ಎಂದೇ ತಿಳಿಯಿರಿ. ಕುದುರೆ ಎಳೆದು ನೋಡಬೇಡಿ. ಫೋಟೋಗೆಂದು ಮಕ್ಕಳ ಕೈಗೆ ಕೊಡಬೇಡಿ. ಉಜ್ಜಬೇಡಿ. ಲೈಸೆನ್ಸಿನ ಪುಸ್ತಕ ಹುಡುಕಿ, ಅದು ಯಾರ ಹೆಸರಿನಲ್ಲಿದೆ, ನವೀಕರಣವಾಗಿದೆಯೇ ನೋಡಿ. ಹೆಸರಿನವರು ತೀರಿಕೊಂಡಿದ್ದರೆ ಪೊಲೀಸ್ ಠಾಣೆಗೆ ತಿಳಿಸಿ, ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಜಮಾ ಮಾಡಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಒಳಗೆ ಈಡಿದೆಯೇ ಎಂಬ ಪರೀಕ್ಷೆಯನ್ನು ಗೊತ್ತಿದ್ದವರಿಂದಲೇ ಮಾಡಿಸಿ. ಇದನ್ನು ನಾಳೆಗೆ ಮುಂದೂಡಬೇಡಿ.